ಐ ಮತ್ತು ಕ್ಯೂ: ರೇಡಿಯೊದಲ್ಲಿ ಕ್ವಾಡ್ರೇಚರ್ ಸಂಕೇತ ಏಕೆ ಬೇಕು, ಅದನ್ನು ಬಳಸುವುದು ಹೇಗೆ

ಸಾಫ್ಟ್‌ವೇರ್ ರೇಡಿಯೊ ಉಪಕರಣವೊಂದನ್ನು ಕಂಪ್ಯೂಟರಿಗೆ ಜೋಡಿಸಿ ಅದರ ದತ್ತಾಂಶವನ್ನು ತೆರೆದು ನೋಡಿದರೆ, ಪ್ರತಿ ಕ್ಷಣಕ್ಕೂ ಎರಡೆರಡು ಸಂಖ್ಯೆಗಳು ದಾಖಲಾಗಿರುವುದು ಕಾಣುತ್ತದೆ. ಒಂದಕ್ಕೆ ಐ (ಇನ್-ಫೇಸ್) ಎಂದೂ ಇನ್ನೊಂದಕ್ಕೆ ಕ್ಯೂ (ಕ್ವಾಡ್ರೇಚರ್, ಅಂದರೆ ಕಾಲು ಆವರ್ತ ಸರಿದದ್ದು) ಎಂದೂ ಹೆಸರು. ಆಂಟೆನಾದ ತಂತಿಯಲ್ಲಿ ಬರುವ ವೋಲ್ಟೇಜ್ ಒಂದೇ ಆಗಿರುವಾಗ ಅಳತೆ ಮಾತ್ರ ಏಕೆ ಎರಡು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ, ಮಾಡ್ಯುಲೇಶನ್ (ರೇಡಿಯೊ ತರಂಗದ ಮೇಲೆ ಸಂದೇಶವನ್ನು ಹೇರುವ ಕ್ರಿಯೆ) ಕುರಿತ ಬಹುಪಾಲು ಗೊಂದಲ ತಾನಾಗಿಯೇ ಕರಗುತ್ತದೆ. ಎಎಂ, ಎಫ್‌ಎಂ, ಸಿಂಗಲ್ ಸೈಡ್‌ಬ್ಯಾಂಡ್, ಕ್ಯೂಪಿಎಸ್‌ಕೆ, ಕ್ಯೂಎಎಂ ಎಂಬ ಮಾಡ್ಯುಲೇಶನ್ ಪದ್ಧತಿಗಳನ್ನೆಲ್ಲ ಬೇರೆ ಬೇರೆ ಸರ್ಕ್ಯೂಟ್‌ಗಳಾಗಿ ಕಲಿಯುವ ಅಗತ್ಯ ಉಳಿಯುವುದಿಲ್ಲ. ಅವೆಲ್ಲವೂ ಈ ಎರಡು ಸಂಖ್ಯೆಗಳ ಮೇಲೆ ನಡೆಸುವ ಬೇರೆ ಬೇರೆ ಲೆಕ್ಕಗಳಾಗುತ್ತವೆ. ಆ ಉತ್ತರವನ್ನು ಇಲ್ಲಿ ಮೊದಲು ಕಾಗದದ ಮೇಲೆ, ಆಮೇಲೆ ಬೆಂಗಳೂರಿನ ನಿಜವಾದ ಎಫ್‌ಎಂ ಪ್ರಸಾರದ ಮೇಲೆ ಮಾಡಿ ತೋರಿಸುತ್ತೇನೆ. ಪಿಯುಸಿ ಮಟ್ಟದ ತ್ರಿಕೋನಮಿತಿ, ಒಂದು ಕಂಪ್ಯೂಟರ್ ಮತ್ತು ಆರ್‌ಟಿಎಲ್-ಎಸ್‌ಡಿಆರ್ ಎಂದು ಕರೆಯಲಾಗುವ ಅಗ್ಗದ ಯುಎಸ್‌ಬಿ ಡಾಂಗಲ್ ಇದ್ದರೆ ಸಾಕು.

ಒಂದೇ ಅಳತೆ ಏಕೆ ಸಾಲದು

ರಿಸೀವರಿನ ಮೊದಲ ಕೆಲಸ ಹೆಚ್ಚಿನ ಆವೃತ್ತಿಯಲ್ಲಿರುವ ಸಂಕೇತವನ್ನು ಕಡಿಮೆ ಆವೃತ್ತಿಗೆ ಇಳಿಸುವುದು. ಇದಕ್ಕಾಗಿ ಮಿಕ್ಸರ್ ಎಂಬ ಭಾಗವು ಒಳಬಂದ ಸಂಕೇತವನ್ನು, ರಿಸೀವರಿನೊಳಗೇ ತರಂಗ ಹುಟ್ಟಿಸುವ ಲೋಕಲ್ ಆಸಿಲೇಟರ್‌ನ ತರಂಗದಿಂದ ಗುಣಿಸುತ್ತದೆ. ಎರಡು ಕೊಸೈನ್‌ಗಳನ್ನು ಗುಣಿಸಿದಾಗ ಅವುಗಳ ಆವೃತ್ತಿಗಳ ಮೊತ್ತಕ್ಕೆ ಸಮನಾದ ಒಂದು ತರಂಗವೂ ವ್ಯತ್ಯಾಸಕ್ಕೆ ಸಮನಾದ ಇನ್ನೊಂದು ತರಂಗವೂ ಹುಟ್ಟುತ್ತವೆ. ಮೊತ್ತವನ್ನು, ಕಡಿಮೆ ಆವೃತ್ತಿಗಳನ್ನು ಮಾತ್ರ ಬಿಡುವ ಲೋ-ಪಾಸ್ ಫಿಲ್ಟರ್‌ನಿಂದ ತೆಗೆದುಹಾಕಿ ವ್ಯತ್ಯಾಸವನ್ನು ಉಳಿಸಿಕೊಳ್ಳುತ್ತೇವೆ. ತೊಡಕು ಇರುವುದು ಈ ವ್ಯತ್ಯಾಸದಲ್ಲಿಯೇ. ಆಸಿಲೇಟರ್ 101.3 ಮೆಗಾಹರ್ಟ್ಸ್‌ನಲ್ಲಿದೆ ಎಂದುಕೊಳ್ಳಿ. 101.4 ಮೆಗಾಹರ್ಟ್ಸ್‌ನ ಸಂಕೇತವೂ 100 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ, 101.2 ಮೆಗಾಹರ್ಟ್ಸ್‌ನ ಸಂಕೇತವೂ 100 ಕಿಲೋಹರ್ಟ್ಸ್‌ಗೇ ಇಳಿಯುತ್ತದೆ. ಋಣ ಕೋನದ ಕೊಸೈನ್ ಮತ್ತು ಧನ ಕೋನದ ಕೊಸೈನ್ ಒಂದೇ ಆಗಿರುವುದರಿಂದ, ಇಳಿದ ಮೇಲೆ ಯಾವುದು ಮೇಲಿನಿಂದ ಬಂದದ್ದು, ಯಾವುದು ಕೆಳಗಿನಿಂದ ಬಂದದ್ದು ಎಂದು ಗುರುತಿಸಲು ಯಾವ ಉಪಾಯವೂ ಇಲ್ಲ.

ಹಳೆಯ ಸೂಪರ್‌ಹೆಟರೊಡೈನ್ ರೇಡಿಯೊಗಳು ಈ ಗೊಂದಲವನ್ನು ಮಿಕ್ಸರಿನ ಮೊದಲೇ ಫಿಲ್ಟರ್ ಹಾಕಿ ತಪ್ಪಿಸುತ್ತಿದ್ದವು. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರ 612 ಕಿಲೋಹರ್ಟ್ಸ್‌ನಲ್ಲಿದೆ. 455 ಕಿಲೋಹರ್ಟ್ಸ್‌ನ ಇಂಟರ್‌ಮೀಡಿಯೆಟ್ ಫ್ರೀಕ್ವೆನ್ಸಿ (ಸಂಕೇತವನ್ನು ಇಳಿಸುವ ನಡುವಿನ ಆವೃತ್ತಿ) ಇರುವ ಟ್ರಾನ್ಸಿಸ್ಟರ್ ರೇಡಿಯೊ ಇದನ್ನು ಹಿಡಿಯುವಾಗ ಅದರ ಆಸಿಲೇಟರ್ 1067 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ. ಆದರೆ 1522 ಕಿಲೋಹರ್ಟ್ಸ್‌ನಲ್ಲಿ ಬೇರೆ ಸಂಕೇತವಿದ್ದರೆ ಅದೂ ಅದೇ 455ಕ್ಕೆ ಇಳಿಯುತ್ತದೆ; ಇದನ್ನು ಇಮೇಜ್ ಎನ್ನುತ್ತಾರೆ. 612 ಮತ್ತು 1522ರ ನಡುವೆ 910 ಕಿಲೋಹರ್ಟ್ಸ್ ಅಂತರವಿರುವುದರಿಂದ ಗ್ಯಾಂಗ್ ಕಂಡೆನ್ಸರಿನ ಟ್ಯೂನ್ಡ್ ಸರ್ಕ್ಯೂಟ್ ಒಂದನ್ನು ಒಳಬಿಟ್ಟು ಇನ್ನೊಂದನ್ನು ತಡೆಯಬಲ್ಲದು. ಅಂತರ ದೊಡ್ಡದಿರುವವರೆಗೆ ಈ ವಿಧಾನ ಚೆನ್ನಾಗಿಯೇ ನಡೆಯುತ್ತದೆ, ದಶಕಗಳ ಕಾಲ ನಡೆದಿದೆ ಕೂಡ.

ಈಗ ಆಸಿಲೇಟರನ್ನು ನೇರವಾಗಿ ಪ್ರಸಾರ ಕೇಂದ್ರದ ಆವೃತ್ತಿಯಲ್ಲಿಯೇ ಇಟ್ಟು ಸಂಕೇತವನ್ನು ಸೊನ್ನೆಯ ಸುತ್ತಲಿಗೆ ಇಳಿಸಿದರೆ ಏನಾಗುತ್ತದೆ ನೋಡಿ. ಆಗ ಇಮೇಜ್ ಎಂಬುದು ದೂರದ ಬೇರೊಂದು ಕೇಂದ್ರವಾಗಿ ಉಳಿಯುವುದಿಲ್ಲ. ನಮಗೆ ಬೇಕಾದ ಪ್ರಸಾರದ ಮೇಲಿನ ಅರ್ಧವೇ ಕೆಳಗಿನ ಅರ್ಧದ ಮೇಲೆ ಮಡಚಿ ಬೀಳುತ್ತದೆ. ಇದನ್ನು ಮಿಕ್ಸರಿನ ಮೊದಲಿಡುವ ಯಾವ ಫಿಲ್ಟರೂ ತಡೆಯಲಾರದು, ಏಕೆಂದರೆ ಎರಡೂ ಅರ್ಧಗಳು ನಮಗೆ ಬೇಕು. ಇದರ ಜೊತೆಗೆ ಇನ್ನೊಂದು ಕಷ್ಟವೂ ಇದೆ. ಒಂದೇ ಮಿಕ್ಸರಿನ ಹೊರವೋಲ್ಟೇಜ್ ಸಂಕೇತದ ಪಾರವನ್ನು (ತರಂಗದ ಎತ್ತರವನ್ನು) ಮಾತ್ರ ಅವಲಂಬಿಸದೆ, ಸಂಕೇತ ಮತ್ತು ಆಸಿಲೇಟರ್‌ಗಳ ನಡುವಿನ ಫೇಸ್ (ಆವರ್ತದೊಳಗಿನ ಸ್ಥಾನ) ಅಂತರದ ಕೊಸೈನ್‌ನಿಂದಲೂ ಗುಣಿಸಲ್ಪಟ್ಟಿರುತ್ತದೆ. ಅಂತರ 90 ಡಿಗ್ರಿಯಾದರೆ, ಆಂಟೆನಾದಲ್ಲಿ ಎಷ್ಟೇ ಪ್ರಬಲ ಸಂಕೇತವಿದ್ದರೂ ಹೊರಗೆ ಬರುವುದು ಸೊನ್ನೆ.

ಕತ್ತಲಲ್ಲಿ ತಿರುಗುತ್ತಿರುವ ಗಾಣದ ನೊಗಕ್ಕೆ ಕಟ್ಟಿದ ಲಾಂದ್ರವನ್ನು ದೂರದ ಸಮತಟ್ಟಿನಿಂದ ನೋಡುವವನಿಗೆ ಬೆಳಕು ಎಡಕ್ಕೂ ಬಲಕ್ಕೂ ಸರಿಯುವುದಷ್ಟೇ ಕಾಣುತ್ತದೆ. ಗಾಣ ಪ್ರದಕ್ಷಿಣವಾಗಿ ತಿರುಗುತ್ತಿದೆಯೇ ಅಪ್ರದಕ್ಷಿಣವಾಗಿಯೇ ಎಂಬುದು ತಿಳಿಯುವುದಿಲ್ಲ. ಅದೇ ಬೆಳಕನ್ನು ಅದೇ ಕ್ಷಣದಲ್ಲಿ, ಮೊದಲಿನವನ ನೋಟಕ್ಕೆ ಲಂಬವಾದ ದಿಕ್ಕಿನಿಂದ ಇನ್ನೊಬ್ಬ ನೋಡಿ ಇಬ್ಬರೂ ತಮ್ಮ ಅಳತೆಗಳನ್ನು ಒಟ್ಟಿಗೆ ಇಟ್ಟರೆ, ಲಾಂದ್ರ ಎಲ್ಲಿದೆ, ಕೇಂದ್ರದಿಂದ ಎಷ್ಟು ದೂರದಲ್ಲಿದೆ, ಯಾವ ಕಡೆಗೆ ತಿರುಗುತ್ತಿದೆ ಎಂಬುದೆಲ್ಲ ಸ್ಪಷ್ಟವಾಗುತ್ತದೆ. ಐ ಮತ್ತು ಕ್ಯೂ ಇಂತಹ ಎರಡು ನೋಟಗಳು.

ಕಾಗದದ ಮೇಲೆ ಮಾಡಿ ನೋಡಿ

ಒಳಬಂದ ಸಂಕೇತವನ್ನು ಎರಡು ದಾರಿಗಳಾಗಿ ಒಡೆಯಿರಿ. ಮೊದಲನೆಯದನ್ನು ಆಸಿಲೇಟರ್‌ನ ಕೊಸೈನ್‌ನಿಂದ ಗುಣಿಸಿ, ಎರಡನೆಯದನ್ನು ಅದೇ ಆಸಿಲೇಟರ್‌ನ ಋಣ ಸೈನ್‌ನಿಂದ, ಅಂದರೆ 90 ಡಿಗ್ರಿ ಸರಿಸಿದ ತರಂಗದಿಂದ ಗುಣಿಸಿ. ಎರಡನ್ನೂ ಒಂದೇ ಬಗೆಯ ಲೋ-ಪಾಸ್ ಫಿಲ್ಟರ್ ಮೂಲಕ ಹಾಯಿಸಿ. ಮೊದಲನೆಯ ದಾರಿಯ ಫಲ ಐ, ಎರಡನೆಯದರ ಫಲ ಕ್ಯೂ.

ಆಸಿಲೇಟರ್‌ಗಿಂತ 100 ಕಿಲೋಹರ್ಟ್ಸ್ ಮೇಲಿರುವ ಸಂಕೇತಕ್ಕೆ ಲೆಕ್ಕ ಹಾಕಿದರೆ, ಅರ್ಧ ಎಂಬ ಗುಣಾಂಕವನ್ನು ಬದಿಗಿಟ್ಟಾಗ, ಐ ಎಂಬುದು 100 ಕಿಲೋಹರ್ಟ್ಸ್‌ನ ಕೊಸೈನ್ ಆಗುತ್ತದೆ, ಕ್ಯೂ ಎಂಬುದು 100 ಕಿಲೋಹರ್ಟ್ಸ್‌ನ ಸೈನ್ ಆಗುತ್ತದೆ. 100 ಕಿಲೋಹರ್ಟ್ಸ್ ಕೆಳಗಿರುವ ಸಂಕೇತಕ್ಕೆ ಐ ಮೊದಲಿನಂತೆಯೇ ಇರುತ್ತದೆ, ಆದರೆ ಕ್ಯೂ ಋಣ ಸೈನ್ ಆಗುತ್ತದೆ. ಕಾಲು ಆವರ್ತಕ್ಕೆ ಒಮ್ಮೆ ಐ ಮತ್ತು ಕ್ಯೂ ಬೆಲೆಗಳನ್ನು ಜೋಡಿಯಾಗಿ ಬರೆದುಕೊಳ್ಳಿ. ಮೇಲಿನ ಸಂಕೇತದ್ದು (1, 0), (0, 1), (−1, 0), (0, −1) ಎಂಬ ಸಾಲು. ಕೆಳಗಿನದ್ದು (1, 0), (0, −1), (−1, 0), (0, 1) ಎಂಬ ಸಾಲು. ಗ್ರಾಫ್ ಹಾಳೆಯಲ್ಲಿ ಐ ಬೆಲೆಯನ್ನು ಅಡ್ಡ ಅಕ್ಷದ ಮೇಲೆ, ಕ್ಯೂ ಬೆಲೆಯನ್ನು ಲಂಬ ಅಕ್ಷದ ಮೇಲೆ ಗುರುತಿಸಿದರೆ, ಮೊದಲ ಬಿಂದುಮಾಲೆ ಅಪ್ರದಕ್ಷಿಣವಾಗಿಯೂ ಎರಡನೆಯದು ಪ್ರದಕ್ಷಿಣವಾಗಿಯೂ ಸುತ್ತುತ್ತದೆ. ಪಠ್ಯಗಳಲ್ಲಿ ಋಣ ಆವೃತ್ತಿ ಎಂದು ಕರೆಯುವುದು ಈ ಎರಡನೆಯ ಬಗೆಯ ಸುತ್ತನ್ನೇ. ಅದರಲ್ಲಿ ಇದಕ್ಕಿಂತ ಹೆಚ್ಚಿನ ಗೂಢವೇನೂ ಇಲ್ಲ. ಈ ಲೆಕ್ಕವನ್ನು ಓದಿ ಬಿಡದೆ ಕೈಯಾರೆ ಒಮ್ಮೆ ಮಾಡಬೇಕೆಂದು ಒತ್ತಾಯಿಸುತ್ತೇನೆ, ಏಕೆಂದರೆ ಮುಂದಿನ ಎಲ್ಲ ಹೆಜ್ಜೆಗಳೂ ಈ ಚಿತ್ರದ ಮೇಲೆಯೇ ನಿಂತಿವೆ.

ಬಿಂದುವು ಕೇಂದ್ರದಿಂದ ಇರುವ ದೂರ, ಅಂದರೆ ಐ ವರ್ಗ ಮತ್ತು ಕ್ಯೂ ವರ್ಗಗಳ ಮೊತ್ತದ ವರ್ಗಮೂಲ, ಸಂಕೇತದ ಆ ಕ್ಷಣದ ಪಾರ. ಅಡ್ಡ ಅಕ್ಷದಿಂದ ಅದು ಮಾಡುವ ಕೋನ ಆ ಕ್ಷಣದ ಫೇಸ್. ಕೋನ ಬದಲಾಗುವ ವೇಗ ಆ ಕ್ಷಣದ ಆವೃತ್ತಿ, ದಿಕ್ಕಿನ ಚಿಹ್ನೆಯೊಂದಿಗೆ. ಕ್ಯಾರಿಯರ್, ಅಂದರೆ ಸಂದೇಶವನ್ನು ಹೊರುವ ತರಂಗದ ಮೇಲೆ ಮಾಹಿತಿ ಹೇರಲು ಇರುವುದು ಇವು ಮಾತ್ರ. ಆದ್ದರಿಂದ ಐ ಮತ್ತು ಕ್ಯೂ ಎರಡನ್ನೂ ಉಳಿಸಿಕೊಂಡವನು ಆಯ್ದ ಆವೃತ್ತಿ ಪಟ್ಟಿಯೊಳಗೆ ಕ್ಯಾರಿಯರ್ ಹೊತ್ತು ತಂದ ಯಾವುದನ್ನೂ ಕಳೆದುಕೊಂಡಿರುವುದಿಲ್ಲ. ಐ ಬೆಲೆಯನ್ನು ಸಂಕೀರ್ಣ ಸಂಖ್ಯೆಯ ನೈಜ ಭಾಗವೆಂದೂ ಕ್ಯೂ ಬೆಲೆಯನ್ನು ಕಾಲ್ಪನಿಕ ಭಾಗವೆಂದೂ ಬರೆಯುವುದು ಲೆಕ್ಕದ ಅನುಕೂಲಕ್ಕಾಗಿ. ತಂತಿಯಲ್ಲಿ ಕಾಲ್ಪನಿಕವಾದ ವೋಲ್ಟೇಜ್ ಯಾವುದೂ ಹರಿಯುವುದಿಲ್ಲ. ಎರಡೂ ಆಸಿಲೋಸ್ಕೋಪಿನಲ್ಲಿ ಕಾಣುವ ನೈಜ ವೋಲ್ಟೇಜ್‌ಗಳೇ.

90 ಡಿಗ್ರಿ ಎಲ್ಲಿಂದ ಬರುತ್ತದೆ

ನಿಖರವಾದ 90 ಡಿಗ್ರಿ ಅಂತರವನ್ನು ರೆಸಿಸ್ಟರ್ ಮತ್ತು ಕೆಪ್ಯಾಸಿಟರ್ ಬಳಸಿ ಒಂದು ಆವೃತ್ತಿಯಲ್ಲಿ ಪಡೆಯುವುದು ಸುಲಭ, ವಿಸ್ತಾರವಾದ ಪಟ್ಟಿಯಲ್ಲಿ ಕಷ್ಟ. ಹವ್ಯಾಸಿಗಳು ಮನೆಯಲ್ಲಿ ಕಟ್ಟುವ ರಿಸೀವರ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ನಾಲ್ಕರಿಂದ ಭಾಗಿಸುವ ವಿಧಾನ. 7.1 ಮೆಗಾಹರ್ಟ್ಸ್ ಕೇಳಬೇಕಿದ್ದರೆ 28.4 ಮೆಗಾಹರ್ಟ್ಸ್‌ನ ಕ್ಲಾಕ್ ಕೊಡಿ. ಉಂಗುರವಾಗಿ ಜೋಡಿಸಿದ ಎರಡು ಡಿ ಫ್ಲಿಪ್‌ಫ್ಲಾಪ್‌ಗಳು ಅದನ್ನು ನಾಲ್ಕರಿಂದ ಭಾಗಿಸಿ, ಕಾಲು ಆವರ್ತದಷ್ಟು ಸರಿದ ಎರಡು ತರಂಗಗಳನ್ನು ಕೊಡುತ್ತವೆ. ಕ್ಲಾಕಿನ ಆವೃತ್ತಿ ಬದಲಾದರೂ ಅಂತರ 90 ಡಿಗ್ರಿಯಲ್ಲಿಯೇ ಉಳಿಯುತ್ತದೆ. ಈ ತರಂಗಗಳಿಂದ ಅನಲಾಗ್ ಸ್ವಿಚ್‌ಗಳನ್ನು ನಡೆಸುವ ಟೇಲೋ ಡಿಟೆಕ್ಟರ್ ಹವ್ಯಾಸಿಗಳ ನಡುವೆ ಚಿರಪರಿಚಿತ.

ಸಂಖ್ಯೆಗಳ ಲೋಕದಲ್ಲಿ ಇದು ಇನ್ನೂ ಸೊಗಸಾಗುತ್ತದೆ. ಕ್ಯಾರಿಯರ್‌ನ ಸರಿಯಾಗಿ ನಾಲ್ಕು ಪಟ್ಟು ವೇಗದಲ್ಲಿ ಸ್ಯಾಂಪಲ್ ಮಾಡಿದರೆ, ಅಂದರೆ ಸಮ ಅಂತರದಲ್ಲಿ ಅಳತೆಗಳನ್ನು ತೆಗೆದರೆ, ಕೊಸೈನ್‌ನ ಬೆಲೆಗಳು 1, 0, −1, 0 ಎಂದೂ ಸೈನ್‌ನ ಬೆಲೆಗಳು 0, 1, 0, −1 ಎಂದೂ ಬರುತ್ತವೆ. ಅಂದರೆ ಗುಣಾಕಾರವೇ ಬೇಡ. ಸ್ಯಾಂಪಲ್‌ಗಳನ್ನು ಒಂದು ಬಿಟ್ಟು ಒಂದರಂತೆ ಎರಡು ರಾಶಿಗಳಾಗಿ ಹಂಚಿ, ಚಿಹ್ನೆಯನ್ನು ಸರದಿಯಂತೆ ಬದಲಿಸಿದರೆ ಐ ಮತ್ತು ಕ್ಯೂ ಸಿದ್ಧ. ಇಲ್ಲಿ 90 ಡಿಗ್ರಿ ಎಂಬುದು ಬಿಡಿಭಾಗಗಳ ಗುಣಮಟ್ಟವನ್ನು ಅವಲಂಬಿಸದ ಅಂಕಗಣಿತವಾಗಿಬಿಡುತ್ತದೆ. ಆದರೆ ಎರಡೂ ರಾಶಿಗಳ ಸ್ಯಾಂಪಲ್‌ಗಳು ಒಂದೇ ಕ್ಷಣದವಲ್ಲ ಎಂಬುದನ್ನು ಮರೆಯಬಾರದು. ಮುಂದಿನ ಫಿಲ್ಟರ್ ಆ ಕಾಲಾಂತರವನ್ನು ಸರಿಪಡಿಸಬೇಕು.

ಪ್ರಸಾರವನ್ನು ದಾಖಲಿಸುವುದು

ಆರ್‌ಟಿಎಲ್-ಎಸ್‌ಡಿಆರ್ ಮೂಲತಃ ಕಂಪ್ಯೂಟರಿನಲ್ಲಿ ಡಿವಿಬಿ-ಟಿ ಟೆಲಿವಿಷನ್ ನೋಡಲೆಂದು ತಯಾರಾದ ಡಾಂಗಲ್. ಅದರ ಆರ್‌ಟಿಎಲ್2832ಯು ಚಿಪ್ ಕಚ್ಚಾ ಐ-ಕ್ಯೂ ಸ್ಯಾಂಪಲ್‌ಗಳನ್ನೇ ಹೊರಕೊಡಬಲ್ಲದು ಎಂಬುದು 2012ರಲ್ಲಿ ಬೆಳಕಿಗೆ ಬಂದ ಮೇಲೆ ಅದು ಕಲಿಯುವವರ ಮೊದಲ ಉಪಕರಣವಾಯಿತು. ಆರ್820ಟಿ ಟ್ಯೂನರ್ ಇರುವ ಡಾಂಗಲ್‌ಗಳಲ್ಲಿ ಸಂಕೇತ ಮೊದಲು 3.57 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ಅಲ್ಲಿ ಅದು ಇನ್ನೂ ಒಂದೇ ವೋಲ್ಟೇಜ್. ಐ ಮತ್ತು ಕ್ಯೂ ಹುಟ್ಟುವುದು ಚಿಪ್‌ನೊಳಗೆ, ಸಂಖ್ಯೆಗಳ ರೂಪದಲ್ಲಿ. ಹಳೆಯ ಇ4000 ಟ್ಯೂನರ್ ಮಾತ್ರ ಸಂಕೇತವನ್ನು ನೇರವಾಗಿ ಸೊನ್ನೆಗೆ ಇಳಿಸಿ ಐ-ಕ್ಯೂಗಳನ್ನು ಅನಲಾಗ್ ರೂಪದಲ್ಲಿಯೇ ಬೇರ್ಪಡಿಸುತ್ತದೆ. ಈ ಭೇದ ಮುಂದೆ ದೋಷಗಳನ್ನು ಚರ್ಚಿಸುವಾಗ ಬೇಕಾಗುತ್ತದೆ.

ಬೆಂಗಳೂರಿನಲ್ಲಿ ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್‌ನಲ್ಲಿಯೂ ವಿವಿಧ ಭಾರತಿ 102.9 ಮೆಗಾಹರ್ಟ್ಸ್‌ನಲ್ಲಿಯೂ ಇವೆ. ಡಾಂಗಲನ್ನು ಇವೆರಡರಲ್ಲಿ ಯಾವುದರ ಮೇಲೂ ಇಡದೆ 102.0 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿ, ಸ್ಯಾಂಪಲ್ ವೇಗವನ್ನು ಸೆಕೆಂಡಿಗೆ 24 ಲಕ್ಷಕ್ಕೆ ಇರಿಸಿ. ಒಂದೇ ವೋಲ್ಟೇಜನ್ನು ಈ ವೇಗದಲ್ಲಿ ಅಳೆದರೆ ಸಿಗುವ ಪಟ್ಟಿಯ ಅಗಲ 1.2 ಮೆಗಾಹರ್ಟ್ಸ್ ಮಾತ್ರ; ಐ-ಕ್ಯೂ ಜೋಡಿಯನ್ನು ಅಳೆದರೆ ಸೊನ್ನೆಯ ಎರಡೂ ಬದಿ ಬೇರೆ ಬೇರೆಯಾಗಿ ಉಳಿಯುವುದರಿಂದ 2.4 ಮೆಗಾಹರ್ಟ್ಸ್ ಸಿಗುತ್ತದೆ. ಆದ್ದರಿಂದ 100.8ರಿಂದ 103.2 ಮೆಗಾಹರ್ಟ್ಸ್‌ವರೆಗಿನ ಎಲ್ಲವೂ ಒಂದೇ ಕಡತದಲ್ಲಿರುತ್ತದೆ: ರೇನ್‌ಬೋ −700 ಕಿಲೋಹರ್ಟ್ಸ್‌ನಲ್ಲಿ, ವಿವಿಧ ಭಾರತಿ +900 ಕಿಲೋಹರ್ಟ್ಸ್‌ನಲ್ಲಿ. ಬೇರೆ ಊರಿನವರು ತಮ್ಮ ಊರಿನ ಕೇಂದ್ರಗಳಿಗೆ ತಕ್ಕಂತೆ ಈ ಅಂಕಿಗಳನ್ನು ಬದಲಿಸಿಕೊಳ್ಳಬೇಕು.

ಕಡತದಲ್ಲಿ ಐ, ಕ್ಯೂ, ಐ, ಕ್ಯೂ ಎಂಬ ಕ್ರಮದಲ್ಲಿ 0ರಿಂದ 255ರವರೆಗಿನ ಬೈಟ್‌ಗಳಿರುತ್ತವೆ. ಪ್ರತಿಯೊಂದರಿಂದಲೂ 127.5 ಕಳೆದರೆ ಸೊನ್ನೆಯ ಸುತ್ತಲಿನ ಬೆಲೆಗಳು ಸಿಗುತ್ತವೆ. ಒಂದು ಸೆಕೆಂಡಿಗೆ 48 ಲಕ್ಷ ಬೈಟ್ ಬರುವುದರಿಂದ ಮೊದಲ ಅಭ್ಯಾಸಕ್ಕೆ ಹತ್ತು ಸೆಕೆಂಡಿನ ದಾಖಲೆ ಸಾಕು. ಮುಂದುವರಿಯುವ ಮೊದಲು ಬೈಟ್‌ಗಳ ಹಂಚಿಕೆಯನ್ನು ನೋಡಿ: ಬಹಳಷ್ಟು ಬೈಟ್‌ಗಳು 0 ಅಥವಾ 255ರಲ್ಲಿಯೇ ಕೂತಿದ್ದರೆ ಗೇನ್ (ವರ್ಧನೆ) ಹೆಚ್ಚಾಗಿದೆ, ಎಲ್ಲವೂ 127ರ ಆಸುಪಾಸಿನ ನಾಲ್ಕೈದು ಬೆಲೆಗಳಲ್ಲಿಯೇ ಇದ್ದರೆ ಕಡಿಮೆಯಾಗಿದೆ. ತುದಿ ಕತ್ತರಿಸಿಹೋದ ಸ್ಯಾಂಪಲ್‌ಗಳನ್ನು ಆಮೇಲೆ ಯಾವ ಲೆಕ್ಕವೂ ಸರಿಪಡಿಸಲಾರದು.

ಎಫ್‌ಎಂ ಬಿಡಿಸುವುದು

ಮೊದಲು ಕೇಂದ್ರವನ್ನು ಸೊನ್ನೆಗೆ ತರಬೇಕು. ರೇನ್‌ಬೋ −700 ಕಿಲೋಹರ್ಟ್ಸ್‌ನಲ್ಲಿದೆ, ಅಂದರೆ ಅದರ ಬಿಂದು ಪ್ರತಿ ಸ್ಯಾಂಪಲಿಗೆ ಸರಾಸರಿ 105 ಡಿಗ್ರಿಯಷ್ಟು ಪ್ರದಕ್ಷಿಣವಾಗಿ ತಿರುಗುತ್ತಿದೆ. 700ನ್ನು 2400ರಿಂದ ಭಾಗಿಸಿ 360ರಿಂದ ಗುಣಿಸಿದರೆ ಈ ಅಂಕಿ ಬರುತ್ತದೆ. ಇದನ್ನು ರದ್ದುಮಾಡಲು ಪ್ರತಿ ಬಿಂದುವನ್ನೂ ಅಷ್ಟೇ ಕೋನದಿಂದ ಹಿಂದಕ್ಕೆ ತಿರುಗಿಸಿ: ಮೊದಲ ಸ್ಯಾಂಪಲಿಗೆ 0, ಎರಡನೆಯದಕ್ಕೆ 105, ಮೂರನೆಯದಕ್ಕೆ 210 ಡಿಗ್ರಿ, ಹೀಗೆ. ತಿರುಗಿಸುವ ಸೂತ್ರ ಇಷ್ಟೇ:

ಹೊಸ ಐ = ಐ × ಕೊಸೈನ್ − ಕ್ಯೂ × ಸೈನ್
ಹೊಸ ಕ್ಯೂ = ಐ × ಸೈನ್ + ಕ್ಯೂ × ಕೊಸೈನ್

ವಿವಿಧ ಭಾರತಿ ಬೇಕಿದ್ದರೆ ಅದೇ ಕಡತದ ಮೇಲೆ ಪ್ರತಿ ಸ್ಯಾಂಪಲಿಗೆ −135 ಡಿಗ್ರಿ. ಒಂದೇ ದಾಖಲೆಯಿಂದ ಎರಡು ಕೇಂದ್ರಗಳನ್ನು ಹೀಗೆ ಹೊರತೆಗೆಯುವುದು ಐ-ಕ್ಯೂಗಳ ಬಲವನ್ನು ಮನವರಿಕೆ ಮಾಡಿಕೊಳ್ಳಲು ಅತ್ಯುತ್ತಮ ಅಭ್ಯಾಸ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಮೇಲೆ ಐ ಮತ್ತು ಕ್ಯೂ ಎರಡನ್ನೂ ಒಂದೇ ಲೋ-ಪಾಸ್ ಫಿಲ್ಟರ್ ಮೂಲಕ ಹಾಯಿಸಿ 100 ಕಿಲೋಹರ್ಟ್ಸ್‌ನ ಒಳಗಿನದನ್ನು ಮಾತ್ರ ಉಳಿಸಿ, ಹತ್ತರಲ್ಲಿ ಒಂದು ಸ್ಯಾಂಪಲನ್ನು ಇಟ್ಟುಕೊಳ್ಳಿ. ವೇಗ ಈಗ ಸೆಕೆಂಡಿಗೆ 2,40,000. ಈ ಫಿಲ್ಟರ್‌ಗಳು ಎರಡೂ ದಾರಿಗಳಲ್ಲಿ ತದ್ರೂಪವಾಗಿರಲೇಬೇಕು. ಒಂದರಲ್ಲಿ ಸ್ವಲ್ಪ ಹೆಚ್ಚು ವಿಳಂಬವಾದರೂ ಅದು ಫೇಸ್ ದೋಷವಾಗಿ ಕಾಣಿಸಿಕೊಳ್ಳುತ್ತದೆ.

ಎಫ್‌ಎಂನಲ್ಲಿ ಧ್ವನಿ ಅಡಗಿರುವುದು ಕೋನದ ವೇಗದಲ್ಲಿ. ಅಕ್ಕಪಕ್ಕದ ಎರಡು ಬಿಂದುಗಳನ್ನು ತೆಗೆದುಕೊಳ್ಳಿ. ಹಿಂದಿನ ಐಯನ್ನು ಈಗಿನ ಕ್ಯೂನಿಂದ ಗುಣಿಸಿ, ಅದರಿಂದ ಹಿಂದಿನ ಕ್ಯೂ ಮತ್ತು ಈಗಿನ ಐಗಳ ಗುಣಲಬ್ಧವನ್ನು ಕಳೆಯಿರಿ. ಇದು ಮೊದಲ ಸಂಖ್ಯೆ. ಎರಡು ಐಗಳ ಗುಣಲಬ್ಧಕ್ಕೆ ಎರಡು ಕ್ಯೂಗಳ ಗುಣಲಬ್ಧವನ್ನು ಕೂಡಿಸಿ. ಇದು ಎರಡನೆಯ ಸಂಖ್ಯೆ. ಇವೆರಡನ್ನು ಎಟ್ಯಾನ್2 ಎಂಬ ಫಂಕ್ಷನ್‌ಗೆ ಇದೇ ಕ್ರಮದಲ್ಲಿ ಕೊಟ್ಟರೆ ಎರಡು ಬಿಂದುಗಳ ನಡುವೆ ತಿರುಗಿದ ಕೋನ ದೊರೆಯುತ್ತದೆ, ಮತ್ತು ಆ ಕೋನಗಳ ಸಾಲೇ ನಿಮ್ಮ ಧ್ವನಿ. ಎಫ್‌ಎಂ ಪ್ರಸಾರದಲ್ಲಿ ಗರಿಷ್ಠ ಡೀವಿಯೇಶನ್ (ಆವೃತ್ತಿ ನಡುವಿನಿಂದ ಸರಿಯುವ ದೂರ) 75 ಕಿಲೋಹರ್ಟ್ಸ್ ಆಗಿರುವುದರಿಂದ ಒಂದು ಹೆಜ್ಜೆಯಲ್ಲಿ ಗರಿಷ್ಠ ತಿರುವು 112.5 ಡಿಗ್ರಿ. ಇದು 180ಕ್ಕಿಂತ ಕಡಿಮೆಯಿರುವುದು ಅಗತ್ಯ. ವೇಗವನ್ನು ಇನ್ನೂ ಇಳಿಸಿ 1,50,000ಕ್ಕಿಂತ ಕೆಳಗೆ ತಂದರೆ ದೊಡ್ಡ ಧ್ವನಿಯಲ್ಲಿ ಕೋನ ಮಗುಚಿ ಚಟಪಟ ಸದ್ದು ಕೇಳುತ್ತದೆ. ಕೊನೆಗೆ 15 ಕಿಲೋಹರ್ಟ್ಸ್‌ನ ಲೋ-ಪಾಸ್ ಫಿಲ್ಟರ್ ಹಾಕಿ, ಐದರಲ್ಲಿ ಒಂದನ್ನು ಉಳಿಸಿ 48 ಕಿಲೋಹರ್ಟ್ಸ್‌ಗೆ ಇಳಿಸಿ, 50 ಮೈಕ್ರೊಸೆಕೆಂಡಿನ ಡಿ-ಎಂಫಸಿಸ್ (ಪ್ರಸಾರದಲ್ಲಿ ಎತ್ತಿದ ಮೇಲಿನ ಸ್ವರಗಳನ್ನು ಮತ್ತೆ ತಗ್ಗಿಸುವುದು) ಕೊಟ್ಟು ವೇವ್ ಕಡತವಾಗಿ ಬರೆಯಿರಿ. ಪೈಥಾನ್ ಮತ್ತು ನಂಪೈ ಬಲ್ಲವರಿಗೆ ಇದೆಲ್ಲ ಒಂದು ಪುಟಕ್ಕಿಂತ ಕಡಿಮೆಯ ಪ್ರೋಗ್ರಾಮ್. ಗ್ನೂ ರೇಡಿಯೊದಲ್ಲಿ ಇದೇ ಲೆಕ್ಕವನ್ನು ಕ್ವಾಡ್ರೇಚರ್ ಡಿಮಾಡ್ ಎಂಬ ಬ್ಲಾಕ್ ಮಾಡಿಕೊಡುತ್ತದೆ, ಆದರೆ ಮೊದಲ ಸಲ ಸ್ವತಃ ಬರೆಯುವುದೇ ಒಳ್ಳೆಯದು.

ಎಎಂ ಇದಕ್ಕಿಂತ ಸುಲಭ: ಕೋನವನ್ನು ಬಿಟ್ಟು ದೂರವನ್ನು ಮಾತ್ರ ಲೆಕ್ಕ ಹಾಕಿ, ಸರಾಸರಿಯನ್ನು ಕಳೆದರೆ ಧ್ವನಿ ಸಿಗುತ್ತದೆ. ಟ್ಯೂನಿಂಗ್ ಕೆಲವು ನೂರು ಹರ್ಟ್ಸ್ ತಪ್ಪಿದ್ದರೂ ಬಿಂದು ಸುತ್ತುತ್ತದೆಯೇ ಹೊರತು ದೂರ ಬದಲಾಗುವುದಿಲ್ಲ, ಆದ್ದರಿಂದ ಧ್ವನಿ ಕೆಡುವುದಿಲ್ಲ. ಐ ಒಂದನ್ನೇ ಇಟ್ಟುಕೊಂಡಿದ್ದರೆ ಇದೇ ತಪ್ಪಿಗೆ ಧ್ವನಿ ಏಳುತ್ತ ಬೀಳುತ್ತ ಇರುತ್ತಿತ್ತು. ಐ ದಾರಿಯಲ್ಲಿ ಕಳೆದುಹೋದದ್ದು ಆ ಕ್ಷಣದಲ್ಲಿ ಕ್ಯೂ ದಾರಿಯಲ್ಲಿ ಇರುತ್ತದೆ.

ಸಿಂಗಲ್ ಸೈಡ್‌ಬ್ಯಾಂಡ್‌ನಲ್ಲಿ ಸುತ್ತಿನ ದಿಕ್ಕೇ ಎಲ್ಲ. ಕ್ಯಾರಿಯರ್‌ನ ಮೇಲೂ ಕೆಳಗೂ ಹುಟ್ಟುವ ಎರಡು ಸೈಡ್‌ಬ್ಯಾಂಡ್‌ಗಳಲ್ಲಿ ಒಂದನ್ನೇ ಕಳುಹಿಸುವ ಪದ್ಧತಿ ಇದು. ಕ್ಯಾರಿಯರ್ ಇರಬೇಕಿದ್ದ ಜಾಗವನ್ನು ಸೊನ್ನೆಗೆ ತಂದ ಮೇಲೆ ಮೇಲಿನ ಸೈಡ್‌ಬ್ಯಾಂಡ್ ಅಪ್ರದಕ್ಷಿಣ, ಕೆಳಗಿನದು ಪ್ರದಕ್ಷಿಣ. ಕ್ಯೂನಲ್ಲಿರುವ ಪ್ರತಿಯೊಂದು ಧ್ವನಿ ಆವೃತ್ತಿಯನ್ನೂ ಇನ್ನೂ 90 ಡಿಗ್ರಿ ಹಿಂದಕ್ಕೆ ತಳ್ಳಿ ಐಯಿಂದ ಕಳೆದರೆ ಮೇಲಿನದು ಮಾತ್ರ ಉಳಿಯುತ್ತದೆ, ಕೂಡಿಸಿದರೆ ಕೆಳಗಿನದು. ಇದು ರಾಲ್ಫ್ ಹಾರ್ಟ್ಲಿ 1928ರಲ್ಲಿ ಪೇಟೆಂಟ್ ಪಡೆದ ಫೇಸಿಂಗ್ ವಿಧಾನ. ಅನಲಾಗ್ ಭಾಗಗಳಲ್ಲಿ 300ರಿಂದ 3000 ಹರ್ಟ್ಸ್‌ವರೆಗೂ 90 ಡಿಗ್ರಿ ಕಾಯುವುದು ಕಷ್ಟವಾಗಿದ್ದುದರಿಂದ ಬಹುಕಾಲ ಕ್ರಿಸ್ಟಲ್ ಫಿಲ್ಟರ್ ವಿಧಾನವೇ ಮೇಲುಗೈ ಪಡೆದಿತ್ತು. ಸಾಫ್ಟ್‌ವೇರಿನಲ್ಲಿ ಆ ಕಷ್ಟವಿಲ್ಲ.

ಅದೇ ದಾರಿಯಲ್ಲಿ ಹಿಂದಕ್ಕೆ: ಮಾಡ್ಯುಲೇಶನ್

ಕಳುಹಿಸುವ ಕಡೆಯ ಸೂತ್ರ ಒಂದೇ. ಐಯನ್ನು ಕ್ಯಾರಿಯರ್‌ನ ಕೊಸೈನ್‌ನಿಂದ, ಕ್ಯೂವನ್ನು ಸೈನ್‌ನಿಂದ ಗುಣಿಸಿ ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಯಾವ ಮಾಡ್ಯುಲೇಶನ್ ಎಂಬುದು ಬಿಂದುವನ್ನು ಹಾಳೆಯ ಮೇಲೆ ಹೇಗೆ ಓಡಿಸುತ್ತೀರಿ ಎಂಬುದರಿಂದ ತೀರ್ಮಾನವಾಗುತ್ತದೆ. ಒಂದು ಗೆರೆಯ ಮೇಲೆ ಹಿಂದೆ ಮುಂದೆ ಸರಿಸಿದರೆ ಎಎಂ, ವೃತ್ತದ ಮೇಲೆ ವೇಗ ಬದಲಿಸುತ್ತ ಓಡಿಸಿದರೆ ಎಫ್‌ಎಂ, ನಾಲ್ಕು ಮೂಲೆಗಳ ನಡುವೆ ನೆಗೆಸಿದರೆ ಕ್ಯೂಪಿಎಸ್‌ಕೆ. ಹೀಗಾಗಿಯೇ ಒಂದೇ ಟ್ರಾನ್ಸ್‌ಮಿಟರ್ ಯಂತ್ರಾಂಶ ಸಾಫ್ಟ್‌ವೇರ್ ಬದಲಿಸಿದ ಮಾತ್ರಕ್ಕೆ ಬೇರೆ ಬೇರೆ ಪದ್ಧತಿಗಳಲ್ಲಿ ಕೆಲಸ ಮಾಡಬಲ್ಲದು.

ಇಲ್ಲಿ ಎರಡನೆಯ ದೊಡ್ಡ ಲಾಭವೂ ಕಾಣುತ್ತದೆ. ಒಂದೇ ಆವೃತ್ತಿಯ ಸೈನ್ ಮತ್ತು ಕೊಸೈನ್‌ಗಳ ಗುಣಲಬ್ಧದ ಸರಾಸರಿ ಸೊನ್ನೆ. ಆದ್ದರಿಂದ ಐ ದಾರಿಯಲ್ಲಿ ಒಂದು ಸಂದೇಶವನ್ನೂ ಕ್ಯೂ ದಾರಿಯಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಸಂದೇಶವನ್ನೂ ಒಂದೇ ಪಟ್ಟಿಯಲ್ಲಿ ಕಳುಹಿಸಿ, ಆಚೆ ತುದಿಯಲ್ಲಿ ಬೆರಕೆಯಿಲ್ಲದೆ ಬೇರ್ಪಡಿಸಬಹುದು. 1953ರಲ್ಲಿ ಅಮೆರಿಕ ಒಪ್ಪಿಕೊಂಡ ಎನ್‌ಟಿಎಸ್‌ಸಿ ಬಣ್ಣದ ಟೆಲಿವಿಷನ್ ಈ ಉಪಾಯದಿಂದಲೇ ಎರಡು ಬಣ್ಣದ ಸಂಕೇತಗಳನ್ನು ಒಂದೇ ಸಬ್‌ಕ್ಯಾರಿಯರ್ ಮೇಲೆ ಹೇರಿತು. ಭಾರತದಲ್ಲಿ 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ ದೂರದರ್ಶನಕ್ಕೆ ಬಣ್ಣ ತಂದ ಪಾಲ್ ಪದ್ಧತಿಯಲ್ಲೂ 4.43 ಮೆಗಾಹರ್ಟ್ಸ್‌ನ ಸಬ್‌ಕ್ಯಾರಿಯರ್ ಇದೇ ರೀತಿ ಎರಡು ಬಣ್ಣ ವ್ಯತ್ಯಾಸ ಸಂಕೇತಗಳನ್ನು ಹೊತ್ತಿತ್ತು.

ಈ ಬೇರ್ಪಡಿಕೆಗೆ ಒಂದು ಷರತ್ತಿದೆ: ರಿಸೀವರಿನ ಆಸಿಲೇಟರ್ ಕಳುಹಿಸುವವನ ಆಸಿಲೇಟರ್‌ನೊಂದಿಗೆ ಫೇಸ್‌ನಲ್ಲಿ ಹೊಂದಿರಬೇಕು. 10 ಡಿಗ್ರಿ ತಪ್ಪಿದರೆ ಒಂದು ದಾರಿಯ ಸಂಕೇತದ ಶೇಕಡಾ 17ರಷ್ಟು ಇನ್ನೊಂದರಲ್ಲಿ ಸೋರುತ್ತದೆ. ಟೆಲಿವಿಷನ್ನಿನಲ್ಲಿ ಪ್ರತಿ ಗೆರೆಯ ಆರಂಭದಲ್ಲಿ ಬರುವ ಕಲರ್ ಬರ್ಸ್ಟ್ ಎಂಬ ಮಾದರಿ ತರಂಗ ಇರುವುದು ಈ ಹೊಂದಾಣಿಕೆಗಾಗಿ. ಎನ್‌ಟಿಎಸ್‌ಸಿಯಲ್ಲಿ ಫೇಸ್ ತಪ್ಪಿದರೆ ಮುಖದ ಬಣ್ಣವೇ ಬದಲಾಗುತ್ತಿತ್ತು. ಪಾಲ್ ಒಂದು ಸಂಕೇತದ ಚಿಹ್ನೆಯನ್ನು ಗೆರೆ ಬಿಟ್ಟು ಗೆರೆಗೆ ತಿರುಗಿಸುವುದರಿಂದ ಅಕ್ಕಪಕ್ಕದ ಗೆರೆಗಳ ದೋಷಗಳು ಒಂದನ್ನೊಂದು ರದ್ದುಮಾಡಿ, ಬಣ್ಣ ಬದಲಾಗದೆ ಸ್ವಲ್ಪ ಮಸುಕಾಗುವುದಷ್ಟೇ ಉಳಿಯುತ್ತದೆ.

ಡಿಜಿಟಲ್ ಪದ್ಧತಿಗಳಲ್ಲಿ ಇದೇ ಷರತ್ತು ಇನ್ನೂ ಬಿಗಿಯಾಗುತ್ತದೆ. 16-ಕ್ಯೂಎಎಂನಲ್ಲಿ ಐ ಮತ್ತು ಕ್ಯೂ ತಲಾ −3, −1, 1, 3 ಎಂಬ ನಾಲ್ಕು ಬೆಲೆ ಪಡೆದು, ಹದಿನಾರು ಬಿಂದುಗಳಲ್ಲಿ ಒಂದೊಂದೂ ನಾಲ್ಕು ಬಿಟ್ ಹೊರುತ್ತದೆ. 64-ಕ್ಯೂಎಎಂನಲ್ಲಿ ಆರು ಬಿಟ್. ವೈ-ಫೈ 6ರಲ್ಲಿ ಬಳಸುವ 1024-ಕ್ಯೂಎಎಂನಲ್ಲಿ ಹತ್ತು ಬಿಟ್. ಬಿಂದುಗಳು ಒತ್ತೊತ್ತಾದಂತೆ ಸಹಿಸಬಹುದಾದ ತಿರುವು ಕಡಿಮೆಯಾಗುತ್ತದೆ. ಗದ್ದಲವೇ ಇಲ್ಲ ಎಂದುಕೊಂಡರೂ, ಬಿಂದು ಪಕ್ಕದ ಚೌಕಕ್ಕೆ ದಾಟಲು ಕ್ಯೂಪಿಎಸ್‌ಕೆಗೆ 45 ಡಿಗ್ರಿ ತಿರುವು ಬೇಕು. 16-ಕ್ಯೂಎಎಂನ ಮೂಲೆಯ ಬಿಂದುವಿಗೆ ಸುಮಾರು 17 ಡಿಗ್ರಿ, 64-ಕ್ಯೂಎಎಂಗೆ ಸುಮಾರು 7.7 ಡಿಗ್ರಿ ಸಾಕು. ಸಂಕೇತ ದುರ್ಬಲವಾದಾಗ ಮೊಬೈಲ್ ಮತ್ತು ವೈ-ಫೈ ಜಾಲಗಳು ಕಡಿಮೆ ಬಿಂದುಗಳ ಪದ್ಧತಿಗೆ ಇಳಿದು ವೇಗ ತಗ್ಗಿಸುವುದರ ಕಾರಣ ಈ ಚಿತ್ರದಲ್ಲಿಯೇ ಇದೆ.

ದೋಷಗಳನ್ನು ಅಳೆದು ಸರಿಪಡಿಸುವುದು

ಅನಲಾಗ್ ರೂಪದಲ್ಲಿ ಬೇರ್ಪಡಿಸಿದ ಐ ಮತ್ತು ಕ್ಯೂ ಎಂದೂ ಸಂಪೂರ್ಣ ಸಮವಾಗಿರುವುದಿಲ್ಲ. ಎರಡು ದಾರಿಗಳ ಗೇನ್‌ನಲ್ಲಿ 0.1 ಡೆಸಿಬೆಲ್, ಫೇಸ್‌ನಲ್ಲಿ 1 ಡಿಗ್ರಿ ತಪ್ಪಿದ್ದರೆ ವೃತ್ತವಾಗಬೇಕಿದ್ದದ್ದು ಅಂಡಾಕಾರವಾಗುತ್ತದೆ, ಮತ್ತು ಸೊನ್ನೆಯ ಆಚೆ ಬದಿಯಲ್ಲಿ ಸುಮಾರು 40 ಡೆಸಿಬೆಲ್ ಕೆಳಗೆ ಸಂಕೇತದ ಪ್ರತಿಬಿಂಬ ಕಾಣುತ್ತದೆ. ಕಾಣಲು ಅಲ್ಪವೆನಿಸುವ ಈ ದೋಷ, ಪಕ್ಕದಲ್ಲಿ ಪ್ರಬಲ ಕೇಂದ್ರವಿದ್ದಾಗ ದುರ್ಬಲ ಕೇಂದ್ರವನ್ನು ಮುಚ್ಚಿಹಾಕುವಷ್ಟಿರುತ್ತದೆ. ಅಳೆಯುವುದು ಸುಲಭ: +100 ಕಿಲೋಹರ್ಟ್ಸ್‌ನಲ್ಲಿ ಶುದ್ಧ ಟೋನ್ ಕೊಟ್ಟು −100ರಲ್ಲಿ ಎಷ್ಟು ಕಾಣುತ್ತದೆ ಎಂದು ನೋಡಿ.

ಸರಿಪಡಿಸಲು ಮೊದಲು ಐ ಮತ್ತು ಕ್ಯೂಗಳ ಸರಾಸರಿಗಳನ್ನು ಅವುಗಳಿಂದಲೇ ಕಳೆಯಿರಿ. ಆಮೇಲೆ ಐ ವರ್ಗದ ಸರಾಸರಿಯೂ ಕ್ಯೂ ವರ್ಗದ ಸರಾಸರಿಯೂ ಸಮವಾಗುವಂತೆ ಕ್ಯೂವನ್ನು ಒಂದು ಗುಣಾಂಕದಿಂದ ಗುಣಿಸಿ. ಈಗ ಐ ಮತ್ತು ಕ್ಯೂಗಳ ಗುಣಲಬ್ಧದ ಸರಾಸರಿಯನ್ನು ಐ ವರ್ಗದ ಸರಾಸರಿಯಿಂದ ಭಾಗಿಸಿದರೆ ಫೇಸ್ ದೋಷದ ಸೈನ್ ಸಿಗುತ್ತದೆ. ಐಯನ್ನು ಆ ಸೈನ್‌ನಿಂದ ಗುಣಿಸಿ ಕ್ಯೂನಿಂದ ಕಳೆದು, ಉಳಿದದ್ದನ್ನು ಅದೇ ಕೋನದ ಕೊಸೈನ್‌ನಿಂದ ಭಾಗಿಸಿ. ಅಂಡಾಕಾರ ಮತ್ತೆ ವೃತ್ತವಾಗುತ್ತದೆ. ಬಿಂದು ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿ ಓಡಾಡುತ್ತಿದೆ ಎಂಬ ಊಹೆ ಇದರ ಹಿಂದಿದೆ. ಸರಿಯಾಗಿ ಸೊನ್ನೆಗೆ ಟ್ಯೂನ್ ಆದ ಎಎಂ ಸಂಕೇತದಲ್ಲಿ ಬಿಂದು ಒಂದೇ ಗೆರೆಯ ಮೇಲಿರುವುದರಿಂದ ಈ ಲೆಕ್ಕವೇ ಸಂಕೇತವನ್ನು ಕೆಡಿಸುತ್ತದೆ. ಆದ್ದರಿಂದ ತಿದ್ದುಪಡಿಯ ಅಂಕಿಗಳನ್ನು ಪರೀಕ್ಷಾ ಟೋನ್ ಇಟ್ಟು ಒಮ್ಮೆ ಪಡೆದು, ಸ್ಥಿರವಾಗಿ ಬಳಸುವುದು ಲೇಸು. ಆರ್820ಟಿ ಡಾಂಗಲ್‌ಗಳಲ್ಲಿ 90 ಡಿಗ್ರಿ ಸಂಖ್ಯೆಗಳಿಂದಲೇ ಬರುವುದರಿಂದ ಈ ಶ್ರಮ ಬಹುಮಟ್ಟಿಗೆ ಬೇಕಾಗುವುದಿಲ್ಲ.

ನೇರವಾಗಿ ಸೊನ್ನೆಗೆ ಇಳಿಸುವ ಉಪಕರಣಗಳಲ್ಲಿ ಪಟ್ಟಿಯ ನಟ್ಟನಡುವೆ ಚೂಪಾದ ಒಂದು ಮುಳ್ಳು ಕಾಣುತ್ತದೆ. ಆಸಿಲೇಟರ್ ಸೋರಿ ತನ್ನೊಂದಿಗೇ ಗುಣಿಸಲ್ಪಡುವುದು ಇದಕ್ಕೆ ಕಾರಣ. ಸರಾಸರಿ ಕಳೆಯುವುದರಿಂದ ಅದು ತಗ್ಗುತ್ತದೆ, ಆದರೆ ಬೇಕಾದ ಕೇಂದ್ರವನ್ನು ನಡುವಿನಿಂದ ದೂರ ಇಟ್ಟು ದಾಖಲಿಸಿ ಆಮೇಲೆ ತಿರುಗಿಸಿ ತರುವುದು ಹೆಚ್ಚು ನಂಬಿಕೆಯ ದಾರಿ. 102.0ಕ್ಕೆ ಟ್ಯೂನ್ ಮಾಡಲು ಹೇಳಿದ್ದರ ಉದ್ದೇಶಗಳಲ್ಲಿ ಇದೂ ಒಂದು.

ಐ ಮತ್ತು ಕ್ಯೂ ಅದಲುಬದಲಾದರೆ ಇಡೀ ಪಟ್ಟಿ ಕನ್ನಡಿಯಲ್ಲಿ ನೋಡಿದಂತೆ ಮಗುಚುತ್ತದೆ. ಎಫ್‌ಎಂ ಕೇಳಿ ಇದನ್ನು ಪತ್ತೆಹಚ್ಚಲಾಗದು, ಏಕೆಂದರೆ ಧ್ವನಿತರಂಗ ತಲೆಕೆಳಗಾಗುವುದು ಕಿವಿಗೆ ತಿಳಿಯುವುದಿಲ್ಲ. ಎಎಂನಲ್ಲಂತೂ ಏನೂ ಬದಲಾಗುವುದಿಲ್ಲ. ಸಿಂಗಲ್ ಸೈಡ್‌ಬ್ಯಾಂಡ್ ಮಾತ್ರ ಅರ್ಥವಾಗದ ಗೊಣಗಾಟವಾಗುತ್ತದೆ. ಖಚಿತವಾದ ಪರೀಕ್ಷೆ ಹೀಗೆ: ಆವೃತ್ತಿ ತಿಳಿದಿರುವ ಒಂದು ಕೇಂದ್ರವನ್ನು ನೋಡುತ್ತ ಡಾಂಗಲಿನ ಟ್ಯೂನಿಂಗನ್ನು 100 ಕಿಲೋಹರ್ಟ್ಸ್ ಮೇಲಕ್ಕೆ ಸರಿಸಿ. ಕೇಂದ್ರ ಪಟ್ಟಿಯಲ್ಲಿ 100 ಕಿಲೋಹರ್ಟ್ಸ್ ಕೆಳಕ್ಕೆ ಸರಿಯಬೇಕು. ಮೇಲಕ್ಕೆ ಸರಿದರೆ ಐ-ಕ್ಯೂಗಳನ್ನು ಅದಲುಬದಲು ಮಾಡಿ, ಅಥವಾ ಕ್ಯೂನ ಚಿಹ್ನೆ ತಿರುಗಿಸಿ.

ಕಳುಹಿಸುವ ಕಡೆಯಲ್ಲಿ ಇವೇ ದೋಷಗಳು ಬೇರೆಯವರಿಗೆ ತೊಂದರೆಯಾಗಿ ಪರಿಣಮಿಸುತ್ತವೆ: ಸೋರಿದ ಕ್ಯಾರಿಯರ್ ನಡುವೆ, ಬೇಡದ ಸೈಡ್‌ಬ್ಯಾಂಡ್ ಆಚೆ ಬದಿಯಲ್ಲಿ ನಿಜವಾಗಿಯೂ ಪ್ರಸಾರವಾಗುತ್ತವೆ. ಹವ್ಯಾಸಿ ರೇಡಿಯೊ ಪರವಾನಗಿ ಇರುವವರೂ ಆಂಟೆನಾ ಜೋಡಿಸುವ ಮೊದಲು ಟ್ರಾನ್ಸ್‌ಮಿಟರನ್ನು ಶಕ್ತಿಯನ್ನು ಹೊರಸೂಸದೆ ಹೀರಿಕೊಳ್ಳುವ ಡಮ್ಮಿ ಲೋಡ್‌ಗೆ ಜೋಡಿಸಿ, ಐಗೆ 1 ಕಿಲೋಹರ್ಟ್ಸ್ ಕೊಸೈನ್, ಕ್ಯೂಗೆ 1 ಕಿಲೋಹರ್ಟ್ಸ್ ಸೈನ್ ಕೊಟ್ಟು, ಬೇರೊಂದು ರಿಸೀವರಿನಲ್ಲಿ ಪಟ್ಟಿಯನ್ನು ನೋಡಬೇಕು. ಕ್ಯಾರಿಯರ್‌ಗಿಂತ 1 ಕಿಲೋಹರ್ಟ್ಸ್ ಮೇಲೆ ಒಂದೇ ಗೆರೆ ಇರಬೇಕು. ನಡುವೆ ಕಾಣುವ ಗೆರೆಯನ್ನು ಐ ಮತ್ತು ಕ್ಯೂಗಳಿಗೆ ಅತ್ಯಲ್ಪ ಡಿಸಿ ಬೆಲೆ ಸೇರಿಸಿ ತಗ್ಗಿಸಿ; 1 ಕಿಲೋಹರ್ಟ್ಸ್ ಕೆಳಗೆ ಕಾಣುವ ಗೆರೆಯನ್ನು ಗೇನ್ ಮತ್ತು ಫೇಸ್ ಎರಡನ್ನೂ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ತಿದ್ದುತ್ತ ಕನಿಷ್ಠಕ್ಕೆ ಇಳಿಸಿ. ಒಂದನ್ನೇ ತಿದ್ದುತ್ತ ಹೋದರೆ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಒಂದು ಪಟ್ಟಿಯಲ್ಲಿ ಪಡೆದ ತಿದ್ದುಪಡಿ ಇನ್ನೊಂದು ಪಟ್ಟಿಗೆ ಹೊಂದುವುದಿಲ್ಲವಾದ್ದರಿಂದ, ಬಳಸುವ ಪ್ರತಿಯೊಂದು ಪಟ್ಟಿಗೂ ಈ ಅಂಕಿಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ, ಮತ್ತು ಉಪಕರಣ ಬಿಸಿಯಾದ ಮೇಲೆ ಒಮ್ಮೆ ಮರುಪರೀಕ್ಷಿಸಿ.